ಹೆಪ್ಪುಗಟ್ಟದ ಕೊಲ್ಲಿ

ಮತ್ತೆ ಕಾಲರ್ ಸಡಿಲಿಸುತ್ತಿದ್ದಾನೆ, ಎರಡು ಬೆರಳು ಒಳಗೆ ತೂರಿಸಿ, ಸುಳ್ಳು ಹೇಳುವ ಮುಂಚೆ ಹಾಗೇ ಮಾಡುವವನು, ಹೆಂಡತಿಗೆ ಫೋನ್ ಮಾಡುವಾಗಲೂ — ಓಡೀಲ್ ಗಾಜಿನ ಗೂಡಿನೊಳಗೆ ಕೂತು ನೋಡುತ್ತಾಳೆ, ಕಿವಿಯಲ್ಲಿ ಫೆರ್ನಾನನ ಫ್ರೆಂಚ್, ಬಾಯಲ್ಲಿ ತನ್ನ ಇಂಗ್ಲಿಷ್, ಕಟಕಟೆಯಲ್ಲಿ ಅವನು ನಾನು ಅಂದರೆ ಇಲ್ಲಿ ಇವಳೂ ನಾನು ಅನ್ನಬೇಕು, ದುಭಾಷಿಯ ಧರ್ಮ, ನಾನು ಇಲಾಖೆಯಲ್ಲಿ ಪ್ರಾಯೋಜಕತ್ವದ ಗುತ್ತಿಗೆಗಳನ್ನು ನೋಡಿಕೊಳ್ಳುತ್ತಿದ್ದೆ, ಕ್ವಿಬೆಕ್‌ನ ಊರೂರ ಹಬ್ಬದಲ್ಲೂ ದೇಶದ ಬಾವುಟ ಕಾಣಲಿ ಎಂದು ಜಾಹೀರಾತು ಕಂಪನಿಗಳಿಗೆ ಹಣ ಮಂಜೂರು ಮಾಡುತ್ತಿದ್ದೆ — ಎಷ್ಟು ಸಲೀಸಾಗಿ ಹೊರಳುತ್ತದೆ ನೋಡು, ಎಲುಬಿಲ್ಲದ ನಾಲಿಗೆ ಎಂದು ಸುಮ್ಮನೆ ಅಂದರೇ, ಟೀವಿಯವರ ದೀಪದ ಬಿಸಿ ಗಾಜು ದಾಟಿ ಬರುತ್ತಿದೆ, ಮಾಂಟ್ರಿಯಲ್‌ಗೆ ಮಾಂಟ್ರಿಯಲ್ಲೇ ಆ ಹಣ ಎಲ್ಲಿ ಹೋಯಿತೆಂಬ ಈ ವಿಚಾರಣೆಯನ್ನು ಧಾರಾವಾಹಿಯ ಹಾಗೆ ನೋಡುತ್ತಿದೆ, ಮೂಲೆ ಅಂಗಡಿಯವನು ಹುರಿದ ಆಲೂಗಡ್ಡೆಯ ಪೂಟೀನ್ ಕಟ್ಟಿಕೊಡುತ್ತ ಕೇಳಿದ್ದ, ಇವತ್ತು ಯಾವ ಕಳ್ಳನ ಸರದಿ ಮೇಡಂ? ಅವಳು ನಕ್ಕಿದ್ದಳು, ನಗುವುದು ಬಹಳ ಸುಲಭ ಅವಳಿಗೆ. ಮೂರನೇ ಸಾಲಿನಲ್ಲಿ ಆ ಮುದುಕ, ವೆಂಡೆಲ್ ಆಸ್ಕಾ, ಗ್ಯಾಸ್ಪೆ ಕರಾವಳಿಯವನು, ಫ್ರೆಂಚ್ ಒಂದಕ್ಷರ ಬಾರದು, ಕಿವಿಗಿಟ್ಟ ಯಂತ್ರವನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಾನೆ, ಆ ಕಿವಿಯೊಳಗೆ ಇರುವವಳು ತಾನು. ಬೆಳಿಗ್ಗೆ ಕಾಫಿ ಯಂತ್ರದ ಹತ್ತಿರ ಟೋಪಿ ತೆಗೆದು ಕೈಯಲ್ಲಿ ಹಿಡಿದು ಬಂದಿದ್ದ, ನೀವೇನಾ ನನ್ನ ಕಿವೀಲಿ ಮಾತಾಡೋರು? ಬಲು ಸ್ಪಷ್ಟ ಕಣಮ್ಮ ನಿಮ್ಮ ಮಾತು, ನಮ್ಮ ಲಾಯರನ್ನೂ ನಂಬಲ್ಲ ನಾನು, ನಿಮ್ಮನ್ನ ನಂಬ್ತೀನಿ. ಗುರುತು ಹತ್ತಲಿಲ್ಲ ಅವನಿಗೆ, ಹೇಗೆ ಹತ್ತಬೇಕು, ಅಂದು ಮೂಗಿನವರೆಗೂ ಉಣ್ಣೆ ಸುತ್ತಿಕೊಂಡಿದ್ದಳಲ್ಲ.

ವರ್ಷಗಳ ಹಿಂದಿನ ಫೆಬ್ರವರಿ ಅದು, ಫೆರ್ನಾನ್ ಕಾರಿನ ಬಾಗಿಲು ತೆರೆದು, ಹತ್ತೇ ಬೇಗ, ಮೀನಿನ ಹಬ್ಬದ ತಪಾಸಣೆ ಅಂತ ಬರೆಸಿದೀನಿ, ಹೋಟೆಲು, ಊಟ, ವೈನು ಎಲ್ಲಾ ಸರ್ಕಾರದ್ದು, ಯಾರಪ್ಪನ ಗಂಟು ಹೋಗ್ಬೇಕು — ಮನೆಯಲ್ಲಿ ಲ್ಯುಕ್‌ಗೆ ಸಮ್ಮೇಳನ ಎಂದು ಹೇಳಿ ಬಂದಿದ್ದಳು, ಗಂಡ ಪಾಪ ಅವಳ ಬೂಟಿಗೆ ಎಣ್ಣೆ ಹಚ್ಚಿ ಕೊಟ್ಟಿದ್ದ, ಥೂ. ಎರಡು ದಿನ ಕೋಣೆಯಿಂದ ಹೊರಗೇ ಬರಲಿಲ್ಲ ಅವನು, ಹಬ್ಬ ನೋಡುವುದಿರಲಿ ಕಿಟಕಿಯ ಪರದೆ ಕೂಡ ಸರಿಸಲಿಲ್ಲ, ಒಬ್ಬಳೇ ಎದ್ದು ದಡಕ್ಕೆ ಹೋದದ್ದು ಇವಳು, ಮತ್ತೆ ಅಲ್ಲಿ — ನೀರು. ಕಪ್ಪು ನೀರು, ಹೊಗೆಯಾಡುತ್ತ, ಒಂದು ಚೂರು ಗಡ್ಡೆ ಕಟ್ಟದೆ, ಮಂಜುಗಡ್ಡೆಯ ಮೇಲೆ ನಿಲ್ಲಬೇಕಿದ್ದ ಮೀನುಗಾರರ ಗುಡಿಸಲುಗಳೆಲ್ಲ ದಡದ ಮೇಲೇ ಉಳಿದಿದ್ದವು, ಒಂದರೊಳಗೆ ಒಲೆ ಹಚ್ಚಿ ಕೂತಿದ್ದ ವೆಂಡೆಲ್, ಈ ವರ್ಷ ಕೊಲ್ಲಿ ಹೆಪ್ಪುಗಟ್ಟಲೇ ಇಲ್ಲ ಕಣಮ್ಮ, ನಿಲ್ಲೋಕೇ ಜಾಗ ಇಲ್ಲ, ಗಡ್ಡೆಗೆ ತೂತು ಕೊರೆದು ಮೀನು ಹಿಡಿಯೋ ಹಬ್ಬ ಎಲ್ಲಿಂದ ಮಾಡೋದು, ನಾನು ನಡೆಸೋಕೆ ಶುರುಮಾಡಿದ ಮೇಲೆ ಇದೇ ಮೊದಲು, ಬಾ ಬಾ ಒಳಗೆ, ಗಾಳಿಗೆ ಸತ್ತೀಯ. ಹಿಂದಿನ ವರ್ಷ ಹಿಡಿದು ಫ್ರೀಜರಿನಲ್ಲಿಟ್ಟ ಬೆರಳುದ್ದದ ಮೀನನ್ನು ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಹುರಿದು ಕೊಟ್ಟ, ಒಳಗಿನ ಮಬ್ಬಿನಲ್ಲಿ ಉಣ್ಣೆಯನ್ನು ಬಾಯಿಂದಷ್ಟೇ ಸರಿಸಿ ಮುಳ್ಳೂ ಬಿಡದೆ ತಿಂದಳು, ಬೆರಳು ನೆಕ್ಕಿಕೊಂಡಳು, ಯಾರ ಮಗಳೆಂದು ಕೂಡ ಕೇಳದೆ ಬಡಿಸಿದವನು. ಹೋಟೆಲಿಗೆ ಬಂದು ಹೇಳಿದಳು, ಹಬ್ಬವೇ ಇಲ್ಲವಂತೆ ಫೆರ್ನಾನ್. ಅಯ್ಯೋ, ಬಾವುಟದ ದುಡ್ಡು ಕಂಪನಿಗೆ ಹೋಗಾಯ್ತು ಕಣೇ, ನೀರಿನ ಮೇಲೇ ಹಾರಿಸ್ಕೊಳ್ಲಿ ಬಿಡು. ನಕ್ಕಳು. ಹೊಟ್ಟೆಯಲ್ಲಿ ಮುದುಕನ ಮೀನು ಇಟ್ಟುಕೊಂಡು ನಕ್ಕಳು, ಉಂಡ ಮನೆಗೆ ಎರಡು ಬಗೆದವಳು. ಸಾಕ್ಷಿಗಳಲ್ಲಿ ಫೆರ್ನಾನನ ಹೆಸರು ಕಂಡ ದಿನವೇ ಹೇಳಬಹುದಿತ್ತು, ಈ ಮನುಷ್ಯ ನನಗೆ ಪರಿಚಯ, ಬೇರೆಯವರನ್ನು ಹಾಕಿ — ಹೇಗೆ ಪರಿಚಯ ಎಂದು ಕೇಳಿದರೆ? ಲ್ಯುಕ್ ಟೀವಿ ನೋಡುತ್ತಾನೆ. ಬಾಯಿ ಮುಚ್ಚಿಕೊಂಡು ಬಂದು ಕೂತಳು, ಬಾಯಿಂದಲೇ ಬದುಕುವವಳು.

ವಕೀಲರು ಕೇಳುತ್ತಿದ್ದಾರೆ, ಹಣವನ್ನು ಆಸ್ಕಾ ಅವರ ಕೈಗೆ ಕೊಟ್ಟೆವು ಎನ್ನುತ್ತದೆ ಕಂಪನಿ, ಒಂದು ಕಾಸೂ ಬಂದಿಲ್ಲ, ಹಬ್ಬವೂ ನಡೆದಿಲ್ಲ ಎಂದು ಆಸ್ಕಾ ನಿನ್ನೆ ಇಲ್ಲೇ ಪ್ರಮಾಣ ಮಾಡಿದರು, ತಾವು ತಪಾಸಣೆಗೆ ಹೋಗಿದ್ದಿರಿ, ತಾವೇನು ಕಂಡಿರಿ? ಬೇಡ ಫೆರ್ನಾನ್, ನೆನಪಿಲ್ಲ ಅನ್ನು, ಎಲ್ಲ ದೊಡ್ಡವರೂ ಈ ವಾರ ಅದನ್ನೇ ಅಂದರು, ನೀನೂ ಅನ್ನು, ಮುದುಕನ ತಲೆಗೆ ಕಟ್ಟಬೇಡ — ಬೆರಳು ಕಾಲರಿನೊಳಗೆ. ಹೋಗಿದ್ದೆ, ಎನ್ನುತ್ತಾನೆ. ಪಕ್ಕದ ಕುರ್ಚಿಯ ಜೊತೆ ದುಭಾಷಿ ಮಿರೆಯ್ ಮೈಕು ಮುಚ್ಚಿ ಪಿಸುಗುಟ್ಟುತ್ತಾಳೆ, ಮುಖ ಬಿಳಿಚಿಕೊಂಡಿದೆಯಲ್ಲೇ, ನಾನು ತಗೊಳ್ಲಾ? ತಲೆ ಅಲ್ಲಾಡಿಸುತ್ತಾಳೆ ಓಡೀಲ್, ನಡುವೆ ದನಿ ಬದಲಾದರೆ ಎಲ್ಲರೂ ಇತ್ತ ತಿರುಗುತ್ತಾರೆ, ಕಳ್ಳನ ಮನಸ್ಸು ಹುಳ್ಳಹುಳ್ಳಗೆ, ಮತ್ತೆ ಬಾಯಿ ತನ್ನ ಪಾಡಿಗೆ ತಾನು ನಡೆದೇಬಿಡುತ್ತದೆ, ನಾನು ಖುದ್ದು ಹೋಗಿದ್ದೆ, ಕೊಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು, ಜನ ಜಾತ್ರೆಯಂತೆ ಸೇರಿದ್ದರು, ನಮ್ಮ ಬಾವುಟ ಹಾರುತ್ತಿತ್ತು, ನಾನೇ ಕಣ್ಣಾರೆ ಕಂಡೆ. ಒಂದು ಪದ ನಡುಗಲಿಲ್ಲ. ನಡುಗಿದ್ದರೂ ಸಾಕಿತ್ತು ದೇವರೇ, ಅಷ್ಟಾದರೂ ಸುಳಿವು ಸಿಗುತ್ತಿತ್ತು ಅವನಿಗೆ. ಮುದುಕ ಕಿವಿಯ ಯಂತ್ರ ತೆಗೆದು ನೋಡಿದ, ಮತ್ತೆ ಇಟ್ಟುಕೊಂಡ, ಹಣೆ ಉಜ್ಜಿಕೊಂಡ. ನ್ಯಾಯಮೂರ್ತಿಗಳು ಈಗ ಅವನ ಕಡೆ ತಿರುಗಿದ್ದಾರೆ, ಕೇಳುವುದು ಫ್ರೆಂಚಿನಲ್ಲಿ, ಅದನ್ನೂ ಇವಳೇ ಮುಟ್ಟಿಸಬೇಕು, ಮುಟ್ಟಿಸಿದಳು, ಮೃದುವಾಗಿ, ಹಿರಿಯರೊಡನೆ ಆಡುವಂತೆ, ಆಸ್ಕಾ ಅವರೇ, ತಮ್ಮ ನೆನಪು ತಪ್ಪಿರಬಹುದೇ? ಅವನು ಎದ್ದು ನಿಂತ, ಸಾವಕಾಶ, ಮುಂದಿನ ಕುರ್ಚಿ ಹಿಡಿದು, ನ್ಯಾಯಮೂರ್ತಿಗಳ ಕಡೆ ನೋಡಲೇ ಇಲ್ಲ, ಗಾಜಿನತ್ತ ನೋಡಿದ, ಕಿವಿಯೊಳಗಿನ ದನಿಗೇ ಉತ್ತರ ಕೊಟ್ಟ, ಇರಬಹುದಮ್ಮ, ನಂಗೂ ವಯಸ್ಸಾಯ್ತು, ನೀವು ಇಷ್ಟು ಖಚಿತವಾಗಿ ಹೇಳ್ತಿದೀರಿ ಅಂದ್ಮೇಲೆ ಹೆಪ್ಪುಗಟ್ಟಿತ್ತೇನೋ, ನಾನೇ ಮರೆತಿದೀನೇನೋ — ಇಲ್ಲ ಅನ್ನು, ಮೈಕಿನ ಕೆಂಪು ದೀಪ ಉರಿಯುತ್ತಿದೆ, ಅನ್ನು ಓಡೀಲ್, ತಾತ ನೀನು ಮರೆತಿಲ್ಲ ಅನ್ನು, ಬಾಯಿ ತೆರೆದಿದ್ದಾಳೆ, ತೆರೆದೇ ಇದ್ದಾಳೆ, ಕಣ್ಣೆದುರು ಅದೇ ಕೊಲ್ಲಿ, ನೀರು, ಕಪ್ಪು ನೀರು, ಹೊಗೆಯಾಡುವ ಕಪ್ಪು ನೀರು, ಕಣ್ಣು ಹಾಯುವಷ್ಟು ದೂರವೂ ನೀರು