ಮುಂದಿನವರು ಸಿಗುವವರೆಗೆ

ಆ ತಿಂಗಳು ನಮ್ಮ ಊರಲ್ಲಿ ಕೆಂಪು ದೀಪವಿದ್ದಾಗ ರಸ್ತೆ ದಾಟಿದವರಿಗೆ ದಂಡ ಹಾಕುತ್ತಿರಲಿಲ್ಲ. ಹಳದಿ ಅಂಗಿ ತೊಡಿಸಿ, ಕೊರಳಿಗೆ ಪೀಪಿ ಹಾಕಿ, ಕೈಗೆ ಕೆಂಪು ಬಾವುಟ ಕೊಟ್ಟು ಅಲ್ಲೇ ನಿಲ್ಲಿಸುತ್ತಿದ್ದರು. ಅದೇ ತಪ್ಪು ಮಾಡಿದ ಇನ್ನೊಬ್ಬರನ್ನು ಹಿಡಿದುಕೊಟ್ಟರೆ ಮನೆಗೆ ಹೋಗಬಹುದು. ಈ ನಿಯಮವನ್ನು ದೊಡ್ಡ ಅಕ್ಷರಗಳಲ್ಲಿ ಬರೆದ ಫಲಕ ರಸ್ತೆಯ ಎರಡೂ ಬದಿಗಿತ್ತು. ಯಾರೂ ಓದುತ್ತಿರಲಿಲ್ಲ.

ನಾನು ಸಂಚಾರ ಪೊಲೀಸರ ಸಹಾಯಕ. ಖಾಯಂ ನೌಕರಿಯಲ್ಲ. ಹಿಂದಿನ ವಾರ ಅಳುತ್ತಿದ್ದ ಒಬ್ಬಳನ್ನು ಸುಮ್ಮನೆ ಕಳಿಸಿದ್ದೆ. ಕಂಬದ ಮೇಲಿನ ಕ್ಯಾಮೆರಾ ನನ್ನನ್ನೂ ನೋಡುತ್ತದೆ ಎಂದು ಅವತ್ತು ಸಂಜೆ ಸಾಹೇಬರು ತಿಳಿಸಿದರು.

ಶುಕ್ರವಾರ ಮಧ್ಯಾಹ್ನ ಮೂರೂ ಹತ್ತಕ್ಕೆ ಷಿ ಫೆಂಗ್‌ಲಾನ್ ಸಿಕ್ಕಿಬಿದ್ದಳು. ಐವತ್ತೇಳು ವರ್ಷ, ಶಾಲೆಯೊಂದರಲ್ಲಿ ಅಡುಗೆ ಕೆಲಸ. ಅರ್ಧ ರಸ್ತೆ ದಾಟಿದ್ದವಳನ್ನು ಹಿಂದಕ್ಕೆ ಕರೆದೆ.

"ಬಿಡಪ್ಪ, ಎದುರಿನ ಕಚೇರಿ ಐದಕ್ಕೆ ಮುಚ್ತಾರೆ," ಎಂದಳು.

"ಮದುವೆ ನೋಂದಣಿ ಕಚೇರೀನಾ? ಯಾರ ಮದುವೆ ಚಿಕ್ಕಮ್ಮ?"

"ಮದುವೆ ಮುಗಿದು ಮೂವತ್ಮೂರು ವರ್ಷ ಆಯ್ತು. ಇವತ್ತು ಡೈವೋರ್ಸು."

ಚೀಲ ತೆರೆದು ತೋರಿಸಿದಳು. ಪ್ಲಾಸ್ಟಿಕ್ ಕವರಿನಲ್ಲಿ ಮದುವೆ ಪ್ರಮಾಣಪತ್ರದ ಎರಡು ಕೆಂಪು ಪುಸ್ತಕಗಳಿದ್ದವು. ಡೈವೋರ್ಸು ಕೊಡುವುದೂ ಅದೇ ಕಚೇರಿ. ಅರ್ಜಿ ಕೊಟ್ಟ ಮೇಲೆ ಮೂವತ್ತು ದಿನ ತಣ್ಣಗೆ ಕೂತು ಯೋಚಿಸಬೇಕು. ಅದರ ಮುಂದಿನ ಮೂವತ್ತು ದಿನದೊಳಗೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೋಗಿ ಸಹಿ ಹಾಕಬೇಕು. ಹಾಕದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಆಕೆಗೆ ಅದು ಕೊನೆಯ ದಿನ.

"ಇಷ್ಟು ದಿನ ಏನ್ ಮಾಡ್ತಿದ್ರಿ?"

"ನಾನಲ್ಲ, ಅವನು. ಮೊದಲು ಮಂಡಿನೋವು ಅಂದ. ಆಮೇಲೆ ಹಲ್ಲುನೋವು. ಇವತ್ತು ನೋಯೋಕೆ ಏನೂ ಉಳಿದಿಲ್ಲ, ಕಚೇರೀಲಿ ಬಂದು ಕೂತಿದಾನೆ."

ಅಂಗಿ ತೊಡಿಸಿದೆ.

ಒಂದು ಗಂಟೆ ಯಾರೂ ಸಿಗಲಿಲ್ಲ. ತಪ್ಪು ಆಕೆಯದೇ. ಜನ ಕಾಲು ಎತ್ತುವ ಮುಂಚೆಯೇ "ಏಯ್, ಕೆಂಪಿದೆ, ನಿಂತ್ಕೊಳ್ಳಿ" ಎಂದು ಕೂಗುತ್ತಿದ್ದಳು. ಮಕ್ಕಳಿಗೆ ಊಟ ಬಡಿಸಿ ಪಳಗಿದ ಗಂಟಲು. ಎಲೆಕ್ಟ್ರಿಕ್ ಸ್ಕೂಟರಿನವರೂ ಬ್ರೇಕು ಹಾಕಿದರು.

"ಚಿಕ್ಕಮ್ಮ, ಹೀಗೆ ಕಾಪಾಡ್ತಾ ಇದ್ರೆ ಸಾಯಂಕಾಲದವರೆಗೂ ಇಲ್ಲೇ ಇರ್ತೀರಿ. ಬಾಯಿ ಮುಚ್ಕೊಂಡು ನಿಲ್ಲಿ. ಅವರು ಕಾಲಿಡಲಿ, ಆಮೇಲೆ ಊದಿ."

"ಲಾರಿ ಬಂದ್ರೆ?"

"ಲಾರಿ ಬಂದಾಗ ಕೂಗಿ."

ಆಕೆ ಮರದ ಹಿಂದೆ ಹೋಗಿ, ಬಾವುಟ ಬೆನ್ನಿಗೆ ಅಡಗಿಸಿಕೊಂಡು ನಿಂತಳು. ಅಲ್ಲಿಂದಲೇ ಗಂಡನ ಕಥೆ ಹೇಳಿದಳು. ಕುವಾಂಗ್ ದೇಶುನ್, ಹದಿನಾಲ್ಕನೇ ನಂಬರ್ ಬಸ್ಸಿನ ಡ್ರೈವರಾಗಿ ಮೂವತ್ತೊಂದು ವರ್ಷ ದುಡಿದವನು. ಒಂದು ಸಲವೂ ಕೆಂಪು ಸಿಗ್ನಲ್ ದಾಟಿದವನಲ್ಲ.

"ನನಗೆ ಹೆರಿಗೆ ನೋವು. ಅವನ ಬಸ್ಸಲ್ಲೇ ಹೊರಟ್ವಿ. ರಸ್ತೆ ಖಾಲಿ. ಆಸ್ಪತ್ರೆಗೆ ನಾಲ್ಕು ಸಿಗ್ನಲ್, ನಾಲ್ಕರಲ್ಲೂ ನಿಂತ. ಮಗಳು ಮೂರನೇದ್ರಲ್ಲಿ ಹುಟ್ಟಿದ್ಲು."

"ಆಮೇಲೆ?"

"ಆಮೇಲೆ ನಾಲ್ಕನೇದ್ರಲ್ಲೂ ನಿಂತ."

ನಾಲ್ಕೂ ಮುಕ್ಕಾಲಿಗೆ ಎದುರು ಬದಿಯಿಂದ ಯಾರೋ ಕೆಂಪು ದೀಪವಿರುವಾಗಲೇ ಇಳಿದು ನಡೆದುಬಂದರು. ಆಕೆಗೆ ಮರದ ಸಂದಿಯಿಂದ ಕಂಡದ್ದು ಕಾಲು ಮಾತ್ರ. ಹೊರಗೆ ಹಾರಿ ಪೀಪಿ ಊದಿದಳು. ಊದಿ ಮುಗಿದ ಮೇಲೆ ಮುಖ ನೋಡಿದಳು. ಕುವಾಂಗ್.

"ಮುದಿ ಕುವಾಂಗ್, ಕೆಂಪಿಗೆ ಬಂದ್ಯಲ್ಲೋ?"

"ಬಂದೆ."

"ಯಾಕೆ?"

"ನಿನ್ನ ಬಿಡಿಸೋಕೆ. ಫಲಕದಲ್ಲಿ ಬರೆದಿದೆ, ಇನ್ನೊಬ್ರು ಸಿಕ್ಕಿದ್ರೆ ನಿನ್ನ ಬಿಡಬೇಕು. ನೀನು ಹೋಗು."

"ಒಬ್ಬಳೇ ಹೋಗಿ ಏನ್ ಮಾಡ್ಲಿ? ಇಬ್ಬರದೂ ಸಹಿ ಬೇಕು."

ಕುವಾಂಗ್ ಅದನ್ನು ಹೊಸದಾಗಿ ಕೇಳಿದವನಂತೆ ತಲೆಯಾಡಿಸಿದ. ನಾನು ಆಕೆಯ ಅಂಗಿ ಬಿಚ್ಚಿಸಿ ಅವನಿಗೆ ತೊಡಿಸಿದೆ. ಗುಂಡಿಗಳನ್ನೆಲ್ಲ ಹಾಕಿಕೊಂಡ. ಅಲ್ಲಿಯವರೆಗೆ ಯಾರೂ ಹಾಕಿಕೊಂಡಿರಲಿಲ್ಲ.

"ಹಾಗಾದ್ರೆ ಬೇಗ ಒಬ್ಬರನ್ನ ಹಿಡಿ," ಎಂದಳು ಫೆಂಗ್‌ಲಾನ್. "ಇನ್ನೂ ಹತ್ತು ನಿಮಿಷ ಇದೆ."

ನಾಲ್ಕೂ ಐವತ್ತೆರಡಕ್ಕೆ, ನೂಡಲ್ಸ್ ಪೊಟ್ಟಣ ಹಿಡಿದ ಡೆಲಿವರಿಯವನೊಬ್ಬ ಕೆಂಪು ದೀಪದಲ್ಲೇ ಓಡಿಬಂದು ಕುವಾಂಗನ ಮುಂದೆಯೇ ದಾಟಿದ. ಬಾವುಟದ ತುದಿ ಅವನ ತೋಳಿಗೆ ತಗುಲಿತು. ಕುವಾಂಗ್ ಆಕಾಶ ನೋಡುತ್ತಿದ್ದ. ಪೀಪಿ ಎದೆಯ ಮೇಲೆ ತೂಗುತ್ತಿತ್ತು.

"ಹಿಡಿ ಅವನ್ನ. ಏನ್ ನೋಡ್ತಾ ನಿಂತಿದೀಯ?"

"ಯಾರನ್ನ?"

"ಈಗ ಹೋದ್ನಲ್ಲ, ನಿನ್ನ ಮೂಗಿನ ಕೆಳಗೆ."

"ನನಗೆ ಯಾರೂ ಕಾಣಲಿಲ್ಲ."

ಆಕೆ ನನ್ನ ಕಡೆ ತಿರುಗಿದಳು. ನಾನು ನೋಡಿದ್ದೆ. ಆದರೆ ಬಾವುಟ ಹಿಡಿದವರೇ ಹಿಡಿದುಕೊಡಬೇಕು, ನಾನು ಹಿಡಿದದ್ದು ಲೆಕ್ಕಕ್ಕಿಲ್ಲ. ಹಾಗೆಂದು ಹೇಳಿದೆ.

"ಮೂವತ್ಮೂರು ವರ್ಷದಲ್ಲಿ ಒಂದು ಸುಳ್ಳು ಹೇಳಿರಲಿಲ್ಲ ಕಣಪ್ಪ ಈ ಮನುಷ್ಯ," ಎಂದಳು. ದೂರು ಕೊಡುವವಳ ಹಾಗೆಯೇ ಹೇಳಿದಳು. ಅವನಿಗೂ ಕೇಳಿಸಿತು. ಬಾವುಟ ನೆಟ್ಟಗೆ ಹಿಡಿದು ನಿಂತಿದ್ದ.

ಐದಕ್ಕೆ ಎದುರಿನ ಕಚೇರಿಯ ಬಾಗಿಲು ಎಳೆದರು.

"ಸೋಮವಾರ ಮತ್ತೆ ಅರ್ಜಿ ಹಾಕ್ತೀನಿ," ಎಂದಳು.

"ಹಾಕು."

"ಮತ್ತೆ ಮೂವತ್ತು ದಿನ ಕಾಯಬೇಕು."

"ಕಾಯೋಣ. ನನ್ನ ಹಲ್ಲು ಇನ್ನೂ ಪೂರ್ತಿ ವಾಸಿಯಾಗಿಲ್ಲ."

ಆಕೆ ಹೋಗಬಹುದಿತ್ತು. ಹೋಗಲಿಲ್ಲ. ಚೀಲ ತೊಡೆಯ ಮೇಲಿಟ್ಟುಕೊಂಡು ಮರದ ಕಟ್ಟೆಯ ಮೇಲೆ ಕೂತಳು. ಐದೂ ಏಳಕ್ಕೆ ಕಾಲೇಜು ಹುಡುಗಿಯೊಬ್ಬಳು ಮೊಬೈಲ್ ನೋಡುತ್ತ ಕೆಂಪಿಗೆ ದಾಟಿದಳು. ಕುವಾಂಗ್ ತಕ್ಷಣ ಪೀಪಿ ಊದಿದ. ಅವನ ಕಣ್ಣಿಗೆ ಏನೂ ಆಗಿರಲಿಲ್ಲ.

ಫೆಂಗ್‌ಲಾನ್ ಅವನ ಮುಖ ನೋಡಿದಳು.

ಅಂಗಿ, ಬಾವುಟ ಆ ಹುಡುಗಿಗೆ ಹೋದವು. ಇಬ್ಬರೂ ಎದುರಿನ ಬಸ್‌ಸ್ಟಾಪಿಗೆ ಹೋಗಲು ರಸ್ತೆಯ ಅಂಚಿಗೆ ಬಂದರು. ದೀಪ ಕೆಂಪಿತ್ತು. ಎರಡೂ ಕಡೆ ಒಂದು ಗಾಡಿಯೂ ಇರಲಿಲ್ಲ. ಕುವಾಂಗ್ ನಿಂತ.

"ರಸ್ತೆ ಖಾಲಿ ಇದೆ," ಎಂದಳು ಫೆಂಗ್‌ಲಾನ್.

"ಇರಲಿ."

ಆಕೆ ಒಂದು ಕಾಲು ಕೆಳಗಿಟ್ಟಳು. ಹುಡುಗಿ ಪೀಪಿ ಬಾಯಿಗೆ ತಂದಳು. ಆಕೆ ಕಾಲು ಹಿಂದಕ್ಕೆ ತೆಗೆದುಕೊಂಡು, ಗಂಡನ ಪಕ್ಕ ನಿಂತು, ದೀಪದ ಅಂಕಿಗಳನ್ನು ಎಣಿಸತೊಡಗಿದಳು. ನಲವತ್ತೊಂದು ಸೆಕೆಂಡ್ ಬಾಕಿಯಿತ್ತು.