ಓದಿದವಳ ಪಾಲು

ಶಾಂತಲಾಗೆ ಬಾರದ ಮಾತು ಒಂದೇ: ಬೇಡ. ಇಂಗ್ಲಿಷಿನಲ್ಲಿ ಎಂ.ಎ. ಮಾಡಿ ಈಗ ದಿನಾ ಬಸ್ಸು ಹಿಡಿದು ಹುಣಸೂರಿಗೆ ಹೋಗಿ ಬಿ.ಎಡ್. ಓದುತ್ತಿದ್ದಳು. ಆದರೂ ಎದುರಿಗೆ ನಿಂತು ಯಾರಾದರೂ ಏನಾದರೂ ಕೇಳಿದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಆಡದೆ ಉಳಿದದ್ದೆಲ್ಲ ಡೈರಿಗೆ ಹೋಗುತ್ತಿತ್ತು. ಬಸ್ ನಿಲ್ಲುವ ಚೆಕ್‌ಪೋಸ್ಟಿನಲ್ಲಿ ಫಾರೆಸ್ಟ್ ಗಾರ್ಡ್ ರೇಣುಕಾಪ್ರಸಾದ್ ದಿನಾ "ಏನಮ್ಮಾ, ಊರ ಕಡೆ ಏನು ಸಮಾಚಾರ?" ಅನ್ನುತ್ತಿದ್ದರು. ಇವಳು ಕತ್ತು ಆಡಿಸುವಳು, ಅಷ್ಟೆ.

ಅಪ್ಪ ಸತ್ತ ಮೇಲೆ ಕೆ.ಆರ್. ನಗರದಿಂದ ಕರೆತಂದು ಸಾಕಿದವನು ಸೋದರಮಾವ ಶಿವಣ್ಣ. ಪಿರಿಯಾಪಟ್ಟಣದ ಕಾಡಂಚಿನಲ್ಲಿ ಹೊಗೆಸೊಪ್ಪು, ಜೋಳ ಬೆಳೆಯುತ್ತಿದ್ದ. ಹಂದಿಗಳು ಜೋಳಕ್ಕೆ ನುಗ್ಗಿದಾಗ ಬೆದರಿಸಲು ಅವನ ಬಳಿ ಅಪ್ಪನ ಕಾಲದ ಒಂದು ನಳಿಕೆಯ ಕೋವಿಯಿತ್ತು. ಅದರ ಗುಂಡು ಹೊಲದ ಬೇಲಿ ದಾಟಿದರೆ ಪುಣ್ಯ.

ಆ ಭಾನುವಾರ ಮಡಿಕೇರಿ ರಸ್ತೆಯ ಎಸ್ಟೇಟಿನ ವಸಂತ್ ಎರಡು ರೈಫಲ್ ಹಾಕಿಕೊಂಡು ಜೀಪಿನಲ್ಲಿ ಬಂದ. ಕೊಪ್ಪದ ಸಂತೆಯಲ್ಲಿ ಶಿವಣ್ಣನಿಗೆ ಗಂಟುಬಿದ್ದಿದ್ದ ಹೊಸ ಸ್ನೇಹಿತ. ಜಗಲಿಯ ಮೇಲೆ, ಹೊಗೆಸೊಪ್ಪು ವಿಂಗಡಿಸುವ ಹಲಗೆಗೆ ಬಿಳಿ ಟವೆಲು ಹಾಸಿ, ಅದರ ಮೇಲೆ ಎರಡನ್ನೂ ಮಲಗಿಸಿದ. ಶಿವಣ್ಣ ಎತ್ತಿನ ಹಲ್ಲು ನೋಡುವವನ ಹಾಗೆ ಬಗ್ಗಿದ.

"ಎರಡೂ ಮ್ಯಾಗ್ನಮ್ಮೇ, ಭಾರಿ ಏಟಿನವು. ಗುಂಡಿನ ಸೈಜಲ್ಲಿ ಇದು ಮುನ್ನೂರು, ಅದು ಮುನ್ನೂರ ಮೂವತ್ತೆಂಟು" ಅಂದ ವಸಂತ್.

"ದೊಡ್ಡದ್ನೇ ತಗಳಿ ಅತ್ಲಾಗೆ. ಜೋಳಕ್ಕೆ ನುಗ್ಗೋ ಅಂದಿ ಏನ್ ಸಣ್ಣವಾ?"

"ಅದು ಭುಜ ಮುರೀತದೆ ಶಿವಣ್ಣ. ಈ ಮುನ್ನೂರು ಸಾಕು. ಆರುನೂರು ಮೀಟರ್ ಆಚೆಯಿಂದ ಹೊಡೀಬಹುದು. ಈ ದುರ್ಬೀನಲ್ಲಿ ನೋಡಿ, ಪ್ರಾಣಿಯ ಕಣ್ಣಿನ ರೆಪ್ಪೆ ಎಣಿಸಬಹುದು."

ಕಾಫಿ ತಂದ ಶಾಂತಲಾ ಲೋಟ ಇಟ್ಟು ಒಳಗೆ ಜಾರುತ್ತಿದ್ದಳು. ವಸಂತ್ ಜೇಬು ತಡಕಿದ. ತೋಟೆಗಳನ್ನು ಅವನೇ ತುಂಬಿಕೊಳ್ಳುತ್ತಿದ್ದ. ಮದ್ದು ಹೊಸದು, ಅಳತೆ ಜೊತೆಗೆ ತಂದಿದ್ದ ಇಂಗ್ಲಿಷ್ ಪುಸ್ತಕದಲ್ಲಿತ್ತು, ಕನ್ನಡಕ ಮನೆಯಲ್ಲಿತ್ತು.

"ರೆಪ್ಪೆ ಎಣಿಸೋರ್ಗೆ ಅಕ್ಸರ ಕಾಣಲ್ವಾ!" ಶಿವಣ್ಣ ನಕ್ಕ. "ಸಾಂತೂ, ಬಾ ಇಲ್ಲಿ. ಒಸಿ ಓದಿ ಯೋಳವ್ವ."

ಅವಳು ಓದಿದಳು. ಬೇಡ ಅನ್ನಲು ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬಲವಾದ ರೈಫಲ್ಲೇ ದಯೆ, ಸದ್ದು ಕಿವಿ ಮುಟ್ಟುವ ಮೊದಲೇ ಪ್ರಾಣಿ ಬಿದ್ದಿರುತ್ತದೆ, ಧರ್ಮವಾಗಿ ಬೇಟೆಯಾಡುವವನು ಇದನ್ನೇ ಆರಿಸಬೇಕು ಎಂದು ಪುಸ್ತಕ ಹೇಳಿತು. ಗಂಧದ ಕಡ್ಡಿಯ ಜಾಹೀರಾತು ಓದಿದಂತಾಯಿತು ಅವಳಿಗೆ. ಆಮೇಲೆ ಅಂಕಿಗಳು. ವಸಂತನಿಗೆ ಕಾಣಲಿ ಎಂದು ಒಂದು ಹಾಳೆಯಲ್ಲಿ ದಪ್ಪಗೆ ಬರೆದುಕೊಟ್ಟಳು. ಅವನು ಅಕ್ಕಸಾಲಿಗನದಕ್ಕಿಂತ ಪುಟ್ಟ ತಕ್ಕಡಿಯಲ್ಲಿ ಕಪ್ಪು ಕಾಳು ತೂಗಿ, ಹಿತ್ತಾಳೆ ಕೊಳವೆಗೆ ಸುರಿದು, ಮೇಲೆ ಚೂಪು ಗುಂಡು ಕೂರಿಸಿ, ಬೆರಳಿನಿಂದ ಮೆಲ್ಲಗೆ ಸವರುತ್ತಿದ್ದ. ಎಳೆ ಮಗುವಿನ ಕೆನ್ನೆ ಸವರುವ ಹಾಗೆ. ಆ ಬೆರಳು ನೋಡಿ ಶಾಂತಲಾ ಮುಖ ತಿರುಗಿಸಿದಳು.

ಮೂಲೆಯಲ್ಲಿ ಕೂತಿದ್ದ ಶಿವಣ್ಣನ ತಾಯಿ ಮಲ್ಲಾಜಮ್ಮಜ್ಜಿಗೆ ಕಿವಿ ಮಂದ. "ಯಾವ ಮದ್ದಪ್ಪಾ ಅದು? ನನ್ ಮಂಡಿಗೂ ಒಂಚೂರು ಕೊಡು."

"ಇದು ತಗೊಂಡ್ರೆ ಮಂಡಿ ಮಾತ್ರ ಅಲ್ಲಜ್ಜಿ, ಎಲ್ಲಾ ನೋವೂ ಒಂದೇ ಸಲಕ್ಕೆ ಹೋಗ್ತದೆ" ಅಂದ ವಸಂತ್. ಗಂಡಸರಿಬ್ಬರೂ ಬಿದ್ದು ಬಿದ್ದು ನಕ್ಕರು. ಅಜ್ಜಿಯೂ ನಕ್ಕಿತು.

ಹೊತ್ತು ಮುಳುಗುವಾಗ ಕೆರೆಯಾಚೆ ಒಂದೇ ಒಂದು ಸದ್ದು. ಕಿಟಕಿಯ ಸರಳು ಝಲ್ಲೆಂದಿತು.

ಸೋಮವಾರ ಬೆಳಿಗ್ಗೆ ಅವಳು ತಲೆ ಬಾಚುತ್ತಿದ್ದಳು. ಹಿತ್ತಲಿನಿಂದ ಹಸಿ ರಕ್ತದ, ಸುಟ್ಟ ಕೂದಲಿನ ವಾಸನೆ. ಅತ್ತೆ ಪ್ರೇಮಮ್ಮ ಮೂಗಿಗೆ ಸೆರಗು ಒತ್ತಿಕೊಂಡೇ ಮಸಾಲೆ ರುಬ್ಬುತ್ತಿದ್ದಳು. ಹೊಲ ಕಾಯುವ ಮುದುಕ ಚಿಕ್ಕಬೀರಯ್ಯ ಮುತ್ತುಗದ ಎಲೆಯ ಪೊಟ್ಟಣ ಹಿಡಿದು ಬಾಗಿಲಿಗೆ ಬಂದ. ಎಲೆಯ ಸಂದಿಯಿಂದ ಹನಿ ಹೊಸ್ತಿಲಿಗೆ ತೊಟ್ಟಿಕ್ಕಿತು.

"ತಗಳವ್ವಾ. ನಿನ್ ಪಾಲು."

"ನಂದಾ?"

"ಊಂ ಮತ್ತೆ. ಕೋವಿಗೊಂದು, ಕತ್ತಿಗೊಂದು, ಒತ್ತು ತಂದೋನ್ಗೊಂದು, ನಾಯ್ಗೊಂದು. ಓದ್ದೋಳ್ಗೂ ಒಂದು ಅಂದ್ರು ನಿಮ್ಮಾವ." ದನಿ ತಗ್ಗಿಸಿದ. "ಪಾಲು ತಿಂದ ಬಾಯಿ ಬ್ಯಾರೇರ ಮುಂದೆ ತೆರೆಯಾಕಿಲ್ಲ. ಅದ್ಕೇ ಕೊಡೋದು ಕಣವ್ವ."

"ಹಂದೀದಾ, ತಾತ?"

ಮುದುಕ ನೆಲ ನೋಡಿದ. "ಕಡವೆ. ಎಣ್ಣು. ಗಬ್ಬ ಆಗಿತ್ತು. ರಾತ್ರಿ ಅಲ್ಲೇ ಒಟ್ಟೆ ಕುಯ್ದಾಗ ಮರಿ ಇನ್ನೂ ಮಿಸುಕ್ತಿತ್ತು ಕಣವ್ವ. ನಾಯಿ ಪಾಲಿಗೆ ಅದ್ನೇ ಆಕ್ಬುಟ್ರು."

ಶಾಂತಲಾ ಪೊಟ್ಟಣ ಹಿಡಿದು ಜಗಲಿಗೆ ನಡೆದಳು. ಅಂಗೈಗೆ ತಣ್ಣಗೆ, ಒದ್ದೆಯಾಗಿ ತಾಕುತ್ತಿತ್ತು. ವಸಂತ್ ಇಡ್ಲಿ ತಿನ್ನುತ್ತಿದ್ದ. ಮೀಸೆಯಲ್ಲಿ ಚಟ್ನಿ. ಪಕ್ಕದಲ್ಲಿ ಎಣ್ಣೆ ಒರೆಸಿದ ರೈಫಲ್, ಅದರ ಮಗ್ಗುಲಿಗೆ ಅವಳ ಅಕ್ಷರದ ಹಾಳೆ. ಹಾಳೆಯ ತುದಿಯಲ್ಲಿ ಕೆಂಪು ಹೆಬ್ಬೆಟ್ಟು.

"ನಮ್ಮ ಓದೋ ಹುಡುಗಿ ಬಂದ್ಲು!" ಅಂದ ವಸಂತ್. "ಕತ್ತಲಾಗಿತ್ತಮ್ಮ, ಹಂದಿ ಅಂದ್ಕೊಂಡೆ. ಮಿಸ್ಟೇಕು. ಆದ್ರೆ ನಿನ್ನ ಲೆಕ್ಕ ಮಾತ್ರ ಕರೆಕ್ಟು. ಒಂದೇ ಏಟು!"

ಅವಳ ನಾಲಿಗೆ ಅಂಗುಳದಿಂದ ಬಿಟ್ಟಿತು.

"ರೆಪ್ಪೆ ಕಾಣುತ್ತೆ ಅಂದ್ರಲ್ಲ. ಹೊಟ್ಟೆ ಕಾಣಲಿಲ್ವಾ?"

ವಸಂತನ ಕೈಯ ಇಡ್ಲಿ ತುಂಡು ತಟ್ಟೆಗೆ ಬಿತ್ತು. ಶಿವಣ್ಣ ಎದ್ದು ನಿಂತ. "ಏಯ್, ಸಾಂತೂ! ದೊಡ್ಡೋರ ಹತ್ರ ಇಂಗಾ ಮಾತಾಡೋದು? ತಗಂಡು ಅತ್ತೆ ಕೈಗೆ ಕೊಡೋಗು."

"ಬೇಡ ಮಾವ."

ಪೊಟ್ಟಣವನ್ನು ಬಿಳಿ ಟವೆಲಿನ ಮೇಲೆ, ರೈಫಲ್ಲಿನ ಪಕ್ಕದಲ್ಲೇ ಇಟ್ಟಳು. ತನ್ನ ಹಾಳೆಯನ್ನು ತೆಗೆದುಕೊಂಡಳು. ಶಿವಣ್ಣನ ಮುಖದಲ್ಲಿ ಸಿಟ್ಟು ಇಳಿದು ಹೆದರಿಕೆ ಏರಿತು.

"ಪಾಲು ಒಲ್ಲೆ ಅಂದ್ರೆ ಏನರ್ಥ? ಯಾರ್ಗಾರ ಯೋಳೀಯಾ?"

"ಕೇಳಿದ್ರೆ ಹೇಳ್ತೀನಿ."

"ಜೈಲ್ಗೋಯ್ತೀನಿ ಕಣವ್ವಾ ನಾನು. ಸಾಕಿದ್ ಮಾವ ಕಣೇ!"

ಅದು ಅವಳಿಗೆ ತಾಕದೆ ಹೋಗಲಿಲ್ಲ. ಜ್ವರ ಬಂದಾಗ ಭುಜದ ಮೇಲೆ ಹೊತ್ತು ಪಿರಿಯಾಪಟ್ಟಣದ ಆಸ್ಪತ್ರೆಗೆ ನಡೆದವನು ಇವನೇ. ಆದರೆ ಆ ಭುಜದ ಅಂಗಿಯಲ್ಲಿ ಈಗ ಒಣಗಿದ ರಕ್ತದ ಗೆರೆಯಿತ್ತು. ಅವಳಿಗೆ ಹೇಸಿಗೆ ಹುಟ್ಟಿತು. ಅವನ ಮೇಲಷ್ಟೇ ಅಲ್ಲ, ತನ್ನ ದುಂಡಗಿನ ಅಕ್ಷರದ ಮೇಲೂ.

ಒಳಗೆ ಹೋಗಿ ಹಾಳೆಯನ್ನು ಒಲೆಗೆ ತುರುಕಲು ಬಗ್ಗಿದಳು. ಮೇಲೆ ಪಾತ್ರೆ ಕೊತಕೊತ ಕುದಿಯುತ್ತಿತ್ತು. ಆ ಬೆಂಕಿಗೆ ಒಂದು ಎಳೆ ಉರಿಯೂ ತನ್ನಿಂದ ಸೇರಕೂಡದು ಅನ್ನಿಸಿ ಕೈ ಹಿಂದೆ ತೆಗೆದಳು. ಹಾಳೆಯನ್ನು ಮಡಚಿ ಡೈರಿಯೊಳಗೆ ಇಟ್ಟಳು. ಪ್ರೇಮಮ್ಮ ಪಾತ್ರೆ ಇಳಿಸಿ ಒಲೆಗೆ ನೀರು ಚೆಲ್ಲಿದಳು.

ಹೊರಗೆ ಜೀಪು ಸ್ಟಾರ್ಟಾಯಿತು. "ಮದ್ದು ಕೊಡೋ ಸ್ವಾಮಿ ಒಂಟೋದ್ರಾ?" ಅಂತ ಅಜ್ಜಿ ಕೇಳುತ್ತಿತ್ತು.

ಶಾಂತಲಾ ಸೋಪು ಹಚ್ಚಿ ಮೂರು ಸಲ ಕೈ ತೊಳೆದು ಬಸ್ಸಿಗೆ ನಡೆದಳು. ಮೂಸಿದರೆ ಇನ್ನೂ ಮುತ್ತುಗದ ಎಲೆಯ ಒಗರು, ಅದರಡಿ ಮತ್ತೊಂದು ವಾಸನೆ. ಚೆಕ್‌ಪೋಸ್ಟಿನಲ್ಲಿ ರೇಣುಕಾಪ್ರಸಾದ್ ಚಹಾ ಆರಿಸುತ್ತ ನಿಂತಿದ್ದರು.

"ಏನಮ್ಮಾ, ನೆನ್ನೆ ಸಂಜೆ ನಿಮ್ಮೂರ ಕಡೆ ಏನೋ ದೊಡ್ಡ ಸದ್ದು ಕೇಳ್ತಂತಲ್ಲ?"

ಎಂದಿನಂತೆ ಕತ್ತು ಆಡಿಸಿಯಾಳು ಎಂದು ಅವರು ಆಗಲೇ ರಸ್ತೆ ಕಡೆ ತಿರುಗಿದ್ದರು. ಬಸ್ಸು ತಿರುವಿನಲ್ಲಿ ಹಾರನ್ ಮಾಡಿತು. ಶಾಂತಲಾ ಡೈರಿ ಬಿಚ್ಚಿ ಆ ಹಾಳೆಯನ್ನು ಚಾಚಿದಳು.

"ಸರ್, ಮದ್ದಿನ ಅಳತೆ ಓದಿ ಹೇಳಿದ್ದು ನಾನು" ಅಂದಳು. "ಮೊದಲು ನನ್ನ ಹೆಸರು ಬರ್ಕೊಳ್ಳಿ."