ಐದೆಲೆಯಲ್ಲಿ ಕಲರ್ ದೊಡ್ಡದು

ನಮ್ಮ ಯಜಮಾನರಿಗೆ ಪೋಕರ್ ಕಲಿಸಿದವಳು ನಾನೇ. ತಪ್ಪು ಕಲಿಸಿದೆ ಅಂತ ಈಗ ಸಿರುಗುಪ್ಪದ ನೆಂಟರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಕುರುಗೋಡಿನ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಅರುಣಾ ಟೀಚರ್ ತಪ್ಪು ಹೇಳಿಕೊಟ್ಟರು ಅಂತ ಇವತ್ತಿನವರೆಗೆ ಒಂದು ಮಗುವೂ ದೂರಿಲ್ಲ. ದೂರಿದ್ದು ಕಟ್ಟಿಕೊಂಡ ಗಂಡ, ಅದೂ ಸರಿಯಾಗಿ ಹೇಳಿಕೊಟ್ಟದ್ದಕ್ಕೆ. ಹಾಗಾಗಿ ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ, ನಂಬುವವರು ನಂಬಲಿ.

ಯಜಮಾನರ ಹೆಸರು ದೊಡ್ಡಬಸವರಾಜ. ಕುರುಗೋಡಿನಲ್ಲಿ ಪಂಪ್‌ಸೆಟ್ಟು, ಪೈಪಿನ ಅಂಗಡಿ. ಮಾವನವರು ಕೊಟ್ಟೂರಪ್ಪ ಅಂತ, ಸಿರುಗುಪ್ಪದಲ್ಲಿ ಅವರದು ಅಕ್ಕಿ ಗಿರಣಿ. ಆ ಮನೆಯಲ್ಲಿ ಯುಗಾದಿ ಬಂತೆಂದರೆ ಗಂಡಸರು ಪಡಸಾಲೆಯಲ್ಲಿ ಜಮಖಾನೆ ಹಾಸಿ ಮೂರೆಲೆ ಆಟಕ್ಕೆ ಕೂರುತ್ತಾರೆ. ಹೆಂಗಸರು ಒಳಗೆ ಮಿರ್ಚಿ ಕರಿಯುತ್ತೇವೆ. ಮದುವೆಯಾದ ವರ್ಷ ಎರಡು ಸಲ ಮಿರ್ಚಿ ತಟ್ಟೆ ಇಡಲು ಹೋಗಿದ್ದೆ, ಅಷ್ಟರಲ್ಲೇ ಆಟ ಗೊತ್ತಾಗಿತ್ತು. ತಲೆಗೆ ಮೂರು ಎಲೆ. ಮೂರೂ ಒಂದೇ ಆದರೆ ಟ್ರಯಲ್, ಅದಕ್ಕಿಂತ ದೊಡ್ಡದಿಲ್ಲ. ಅದರ ಕೆಳಗೆ ಎಂಟು, ಒಂಬತ್ತು, ಹತ್ತು ಅಂತ ಸಾಲಾಗಿ ಬಂದ ಸೀಕ್ವೆನ್ಸು. ಅದರ ಕೆಳಗೆ ಮೂರೂ ಒಂದೇ ಗುರುತಿನವು, ಮೂರೂ ಆಟೀನೋ ಮೂರೂ ಇಸ್ಪೀಟೋ ಆದ ಕಲರು. ಆಮೇಲೆ ಜೋಡಿ. ಸೀಕ್ವೆನ್ಸು ಕಲರನ್ನು ಹೊಡೆಯುತ್ತದೆ ಅನ್ನುವುದು ಆ ಮನೆಯ ಗಂಡಸರಿಗೆ ತಮ್ಮ ಹೆಸರಿನಷ್ಟು ಖಾತ್ರಿ.

ಪೋಕರ್ ಅನ್ನುವ ಐದೆಲೆ ಆಟ ನಾನು ಕಲಿತದ್ದು ಫೋನಿನಲ್ಲಿ, ಬೇಸಿಗೆ ರಜೆಯಲ್ಲಿ. ದುಡ್ಡಿಲ್ಲದ ಆಟ, ಬರೀ ಅಂಕ. ಒಂದು ವಾರ ಆಡಿದ ಮೇಲೆ ಇದು ನನ್ನ ವಿಷಯವೇ ಅನಿಸಿತು. ಎಷ್ಟು ಎಲೆ ಹೊರಗೆ ಬಂದಿವೆ, ಎಷ್ಟು ಉಳಿದಿವೆ, ಎದುರಿನವನ ಕೈಯಲ್ಲಿ ಏನಿರಬಹುದು ಅಂತ ಎಣಿಸುವುದರಲ್ಲಿ ನನಗೆ ಸಿಕ್ಕ ಸುಖ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಎರಡು ವರ್ಷದ ಹಿಂದೆ ಅದೇ ಫೋನಿನಲ್ಲಿ ಒಂದು ಸುದ್ದಿ ಬಂತು. ರಾಜ್ಯದ ಪೋಕರ್ ತಂಡಕ್ಕೆ ಬಳ್ಳಾರಿ ಜಿಲ್ಲೆಯಿಂದ ಮೂವರನ್ನು ಆರಿಸುತ್ತಾರೆ. ಎರಡು ತಿಂಗಳು ಫೋನಿನಲ್ಲಿ ಆಡಬೇಕು, ಮೊದಲ ಹದಿನಾರು ಮಂದಿ ಬಳ್ಳಾರಿಗೆ ಬಂದು ಮೇಜಿಗೆ ಕೂತು ಆಡಬೇಕು, ಕೊನೆಗೆ ಉಳಿದ ಮೂವರು ತಂಡಕ್ಕೆ. ನಾನು ಉತ್ತರ ಪತ್ರಿಕೆ ತಿದ್ದಿ, ರೊಟ್ಟಿ ತಟ್ಟಿ, ಉಳಿದ ಹೊತ್ತಿನಲ್ಲಿ ಆಡಿದೆ. ಹದಿನಾರು ಮಂದಿಯ ಪಟ್ಟಿ ಬಂದಾಗ ಎರಡನೇ ಸ್ಥಾನ ನನ್ನದು. ಹೆಸರು ಮಾತ್ರ ನನ್ನದಲ್ಲ. ದೊಡ್ಡಬಸವರಾಜ ಕೆ., ಕುರುಗೋಡು ಅಂತಿತ್ತು.

ತಪ್ಪು ನನ್ನದೇ. ನನ್ನ ಸಿಮ್ಮು ಇರುವುದು ಅವರ ಹೆಸರಿನಲ್ಲಿ. ಗ್ಯಾಸು, ಕರೆಂಟು, ನಾನು ಶಾಲೆಗೆ ಹೋಗುವ ಸ್ಕೂಟಿ ಎಲ್ಲವೂ ಅವರ ಹೆಸರಿನಲ್ಲೇ ಇವೆ. ಫೋನು ಕೇಳಿದ ಕಡೆಯೆಲ್ಲ ಕೈ ತಾನಾಗಿ ಅವರ ಹೆಸರು, ಅವರ ಆಧಾರ್ ತುಂಬಿಬಿಟ್ಟಿತ್ತು. ನಮ್ಮಲ್ಲಿ ಯಾವ ಹೆಂಗಸನ್ನು ಕೇಳಿದರೂ ಹಾಗೇ ತುಂಬುತ್ತಾಳೆ.

ಆಟ ನಡೆಸುತ್ತಿದ್ದ ಸಮ್ರಾಟ್ ಎಂಬ ಯುವಕನಿಗೆ ಫೋನು ಮಾಡಿದೆ.

"ಅದೇನ್ ದೊಡ್ಡ ಮಾತಲ್ಲ ಬಿಡ್ರಿ ಮೇಡಂ," ಅಂದ. "ಆಡಿದಾಕಿ ನನ್ನ ಹೆಂಡ್ತಿ ಅಂತ ಸರ್ ಒಂದು ಪತ್ರ ಬರದು ಸೈನ್ ಮಾಡಿ ಕೊಟ್ರ ಸಾಕು. ಆಟದ ದಿನ ಮುಂಜಾನಿ ತಂದ್ರೂ ನಡೀತದ."

ಪತ್ರ ನಾನೇ ಬರೆದೆ. ಸಹಿಯ ಜಾಗ ಬಿಟ್ಟು ಯಜಮಾನರ ಮುಂದಿಟ್ಟೆ. ಓದಿದರು, ಮಡಚಿ ಜೇಬಿಗಿಟ್ಟುಕೊಂಡರು, ಭಾನುವಾರ ಸಿರುಗುಪ್ಪಕ್ಕೆ ಹೋದರು. ವಾಪಸು ಬಂದಾಗ ಪತ್ರ ಹಾಗೇ ಇತ್ತು, ಸಹಿ ಇರಲಿಲ್ಲ.

"ಅಪ್ಪಾಜಿ ಬ್ಯಾಡ ಅಂದ್ರು," ಅಂದರು. "ಸೊಸಿ ಗಂಡಸರ ಜೋಡಿ ಕುಂತು ಇಸ್ಪೀಟು ಆಡಿದ್ಲು ಅಂದ್ರ ಮಂದಿ ಏನಂತಾರ?"

"ಮಗ ಆಡಿದ್ರ ಏನೂ ಅನ್ನಂಗಿಲ್ಲೇನ್ರಿ?"

"ಅದಕ ನಾ ಆಡ್ತೀನಿ. ಹೆಸರು ಹೆಂಗೂ ನಂದೇ ಐತಿ. ಇನ್ನಾ ಹತ್ತು ದಿನ ಐತಿ, ನೀ ಕಲಿಸು."

ಆದರೂ ಕಲಿಸಲು ಕೂತೆ. ಯಾಕೆ ಅಂತ ಕೇಳಬಹುದು. ನಾಲ್ಕು ದಿನದಲ್ಲಿ ಇದು ತಮ್ಮ ಕೈಲಾಗದ್ದು ಅಂತ ಸುಸ್ತಾಗಿ ಸಹಿ ಹಾಕಿಯಾರು ಅನ್ನುವ ಆಸೆ ಒಂದು. ಇನ್ನೊಂದು ಬರೀ ಹಟ. ನಾನು ಹೋಗದಿದ್ದರೂ ನನ್ನ ಆಟವಾದರೂ ತಂಡಕ್ಕೆ ಹೋಗಲಿ ಅಂತ.

ಶೇಂಗಾ ಬೀಜವನ್ನೇ ಪಣಕ್ಕಿಡುವ ಬಿಲ್ಲೆ ಮಾಡಿ ಅಡುಗೆಮನೆಯ ಮೇಜಿನ ಮೇಲೆ ಪಾಠ ಶುರುವಾಯಿತು. ಮೂರು ಬಗೆಯ ಆಟ ಬರಬೇಕಿತ್ತು. ಮೊದಲನೆಯದು ಡ್ರಾ: ಕೈಗೆ ಐದು ಎಲೆ ಕೊಡುತ್ತಾರೆ, ಬೇಡವಾದದ್ದನ್ನು ಒಂದು ಸಲ ಬದಲಿಸಿಕೊಳ್ಳಬೇಕು. ಎರಡನೆಯದು ಹೋಲ್ಡೆಮ್: ಕೈಯಲ್ಲಿ ಗುಟ್ಟಾಗಿ ಎರಡೇ ಎಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿ ಐದು. ಆ ಐದನ್ನು ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು ಅಂತ ತೆರೆಯುತ್ತಾರೆ. ಪ್ರತಿ ಸಲ ತೆರೆದ ಮೇಲೂ ಬಿಲ್ಲೆ ಕಟ್ಟುವುದೋ ಎಲೆ ಕೆಳಗಿಟ್ಟು ಪ್ಯಾಕ್ ಆಗುವುದೋ ನೋಡಿಕೊಳ್ಳಬೇಕು. ಏಳರಲ್ಲಿ ಒಳ್ಳೆಯ ಐದು ಎಲೆ ಆರಿಸಿಕೊಂಡದ್ದೇ ನಿಮ್ಮ ಆಟ. ಮೂರನೆಯದು ಒಮಾಹಾ: ಕೈಯಲ್ಲಿ ನಾಲ್ಕು ಎಲೆ ಇರುತ್ತವೆ, ಅದರಲ್ಲಿ ಎರಡನ್ನೇ ತೆಗೆದುಕೊಳ್ಳಬೇಕು, ಒಂದೂ ಅಲ್ಲ ಮೂರೂ ಅಲ್ಲ.

ಇಷ್ಟಕ್ಕೆ ಅವರದೇನೂ ತಕರಾರಿರಲಿಲ್ಲ. ತಕರಾರು ಬಂದದ್ದು ಒಂದೇ ಕಡೆ.

"ಇದರಾಗ ಕಲರ್ ಸೀಕ್ವೆನ್ಸನ್ನ ಹೊಡಿತದರಿ," ಅಂದೆ.

"ಹೆಂಗ ಹೊಡಿತದ? ಸೀಕ್ವೆನ್ಸು ದೊಡ್ಡದು."

"ಮೂರೆಲೆಯಾಗ ದೊಡ್ಡದು. ಅಲ್ಲಿ ಸೀಕ್ವೆನ್ಸು ಬರೋದು ಅಪರೂಪ. ಐದೆಲಿ ಆದ ಕೂಡಲೇ ಅದು ಉಲ್ಟಾ ಆಗ್ತದ. ಐದು ಸಾಲಾಗಿ ಬರೋದಕ್ಕಿಂತ ಐದೂ ಒಂದೇ ಗುರುತು ಬರೋದು ಕಷ್ಟ, ಅರ್ಧಕ್ಕರ್ಧ ಕಡಿಮಿ. ಯಾವುದು ಕಷ್ಟನೋ ಅದು ದೊಡ್ಡದು."

ಹಾಳೆಯ ಮೇಲೆ ಲೆಕ್ಕ ಬರೆದು ತೋರಿಸಿದೆ. ಒಂಬತ್ತನೇ ತರಗತಿ ಮಕ್ಕಳಿಗೆ ಹೇಳುವಷ್ಟು ಸಲೀಸಾಗಿ ಹೇಳಿದೆ. ಅವರು ಶೇಂಗಾ ಬಾಯಿಗೆ ಹಾಕಿಕೊಂಡು, "ಹುಟ್ಟಿದಾಗಿಂದ ಇಸ್ಪೀಟು ನೋಡೇನಿ, ನನಗ ಕಲಿಸಾಕ ಬಂದ್ಲು," ಅಂತ ನಕ್ಕರು. ಕಲಿಸು ಅಂದವರೂ ಅವರೇ. ಹತ್ತು ದಿನದಲ್ಲಿ ಹದಿನೈದು ಸಲವಾದರೂ ಅದನ್ನು ಹೇಳಿರಬೇಕು. ಅವರು ಒಂದು ಸಲವೂ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಆಟದ ದಿನ ಬೆಳಿಗ್ಗೆ ಬಳ್ಳಾರಿಯ ಕ್ಲಬ್ಬಿನ ಬಾಗಿಲಲ್ಲಿ ಸಮ್ರಾಟ್ ನನ್ನನ್ನು ನೋಡಿ ಮುಂದೆ ಬಂದ.

"ಪತ್ರ ತಂದೀರೇನ್ರಿ ಮೇಡಂ?"

ನಾನು ಯಜಮಾನರ ಮುಖ ನೋಡಿದೆ. ಪತ್ರ ಅವರ ಅಂಗಿಯ ಜೇಬಿನಲ್ಲೇ ಇತ್ತು, ಇಸ್ತ್ರಿ ಮಾಡುವಾಗ ನಾನೇ ತೆಗೆದು ನಾನೇ ವಾಪಸು ಇಟ್ಟಿದ್ದೆ. ಪೆನ್ನೂ ಅಲ್ಲೇ ಇತ್ತು.

"ಪತ್ರ ಗಿತ್ರ ಏನಿಲ್ಲ. ಆಡಾಂವ ನಾನೇ," ಅಂದರು.

ಸಮ್ರಾಟ್ ಎಲ್ಲರ ಫೋನು ಇಸಿದುಕೊಂಡು ಒಂದು ಬುಟ್ಟಿಗೆ ಹಾಕಿದ. ಆಟಗಾರರು ಮೇಜಿಗೆ ಕೂತರು, ಜೊತೆಗೆ ಬಂದವರಿಗೆ ಗೋಡೆ ಬದಿ ಪ್ಲಾಸ್ಟಿಕ್ ಕುರ್ಚಿ. ನನ್ನ ಪಕ್ಕದ ಕುರ್ಚಿಯಲ್ಲಿ ಕೌಲ್ ಬಜಾರಿನ ಕರೀಮಸಾಬ್ ಅಂತ ಒಬ್ಬ ವಯಸ್ಸಾದವರು ನೀರಿನ ಬಾಟಲಿ ಹಿಡಿದು ಕೂತಿದ್ದರು. ಮಗಳು ಫರ್ಹತ್ ಆಡಲು ಬಂದಿದ್ದಳು. ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸವಂತೆ, ಇಪ್ಪತ್ತೈದರ ಆಸುಪಾಸು.

"ನನಗ ಇದರಾಗ ಒಂದೂ ತಿಳಿಯಂಗಿಲ್ಲಮ್ಮ," ಅಂದರು ಅವರು. "ಆಕಿ ಬರ್ತೀನಿ ಅಂದ್ಲು, ಕರಕೊಂಡು ಬಂದೆ."

ಅಷ್ಟು ಸುಲಭದ ಮಾತು ಅದು.

ಎಲೆಗಳು ಅವತ್ತು ಯಜಮಾನರನ್ನು ಹುಡುಕಿಕೊಂಡು ಬಂದವು. ಡ್ರಾದಲ್ಲಿ ಬಂದವು, ಒಮಾಹಾದಲ್ಲೂ ಬಂದವು. ಊಟದ ನಂತರ ಹೋಲ್ಡೆಮ್ ಶುರುವಾಗಿ, ಮೂರು ಗಂಟೆಯ ಹೊತ್ತಿಗೆ ನಾಲ್ವರು ಉಳಿದರು. ಅದರಲ್ಲಿ ಓಬಳೇಶ ಎಂಬ ಹಿರಿಯರ ಮುಂದೆ ನಾಲ್ಕೇ ಬಿಲ್ಲೆ. ಇನ್ನು ನಾಲ್ಕೈದು ಸುತ್ತಿನಲ್ಲಿ ಅವರು ಏಳುವುದು ಖಂಡಿತ. ಯಜಮಾನರು ಸುಮ್ಮನೆ ಪ್ಯಾಕ್ ಆಗುತ್ತಾ ಕೂತಿದ್ದರೂ ತಂಡಕ್ಕೆ ಸೇರಿಬಿಡುತ್ತಿದ್ದರು. ನನ್ನ ಜಾಗ ಕಸಿದುಕೊಂಡವರು ಗೆಲ್ಲಲಿ ಅಂತ ಬೇಡಿಕೊಳ್ಳುತ್ತಿದ್ದೆ.

ಹತ್ತು ನಿಮಿಷ ವಿರಾಮ ಕೊಟ್ಟರು. ಯಜಮಾನರು ನನ್ನನ್ನು ನೀರಿನ ಡ್ರಮ್ಮಿನ ಹತ್ತಿರ ಕರೆದರು.

"ಅಲ್ಲ, ಇದರಾಗ ಸೀಕ್ವೆನ್ಸು ದೊಡ್ಡದೋ, ಕಲರೋ?"

ಸಮ್ರಾಟನನ್ನು ಕೇಳಿದ್ದರೆ ಅವನೇ ಹೇಳುತ್ತಿದ್ದ. ಕೇಳಲು ಅವರಿಗೆ ಮಾನ ಅಡ್ಡ ಬಂದಿತ್ತು. ನಾನು ಕೂಡಲೇ ಉತ್ತರ ಕೊಡಲಿಲ್ಲ. ಸೀಕ್ವೆನ್ಸು ಅಂದುಬಿಟ್ಟರೆ ಏನಾಗುತ್ತದೆ ಅಂತ ಒಂದು ಕ್ಷಣ ಯೋಚಿಸಿದ್ದು ನಿಜ. ಮಾವನವರ ಮುಖ, ಮಡಚಿದ ಪತ್ರ ಎಲ್ಲ ಕಣ್ಣ ಮುಂದೆ ಬಂದವು. ಆದರೆ ಗೊತ್ತಿದ್ದೂ ತಪ್ಪು ಉತ್ತರ ಹೇಳಲು ನಾಲಿಗೆ ಹೊರಳಲಿಲ್ಲ.

"ಕಲರ್ ದೊಡ್ಡದುರಿ. ಐದೆಲೆಯಾಗ ಯಾವಾಗಲೂ ಕಲರೇ ದೊಡ್ಡದು."

ಅವರು ನನ್ನ ಮುಖವನ್ನೇ ನೋಡಿದರು. ಮೂರೆಲೆಯಲ್ಲಿ ಎದುರಿನವನ ಎಲೆ ಅಳೆಯುವಾಗ ನೋಡುವ ನೋಟ ಅದು.

"ಸುಳ್ಳ ಹೇಳ್ತಿ ನೀ."

"ಸುಳ್ಳು ಹೇಳಿ ನನಗ ಏನು ಬರಬೇಕಾಗೈತ್ರಿ?"

"ನಾ ಸೋಲಲಿ ಅಂತ. ಆ ಪತ್ರ ಇನ್ನಾ ನಿನ್ನ ಹೊಟ್ಟಿಯೊಳಗ ಕುದಿಯಾಕ ಹತ್ತೈತಿ. ಅಷ್ಟೂ ತಿಳಿಯಂಗಿಲ್ಲೇನು ನನಗ? ಈಗ ಯೋಚನಿ ಮಾಡಿ ಹೇಳಿದಿ ನೀ, ನೋಡಿದೆ."

ಇನ್ನೊಂದು ಮಾತಿಗೆ ಜಾಗ ಕೊಡದೆ ಹೋಗಿ ಕೂತರು. ಮೂರನೇ ಸುತ್ತಿನಲ್ಲಿ ಅದು ನಡೆಯಿತು. ಮೇಜಿನ ನಡುವೆ ಮೊದಲ ಮೂರು ಎಲೆ ತೆರೆದವು: ಆಟೀನ್ ರಾಣಿ, ಆಟೀನ್ ಒಂಬತ್ತು, ಕಳಾವರ ಎಂಟು. ಯಜಮಾನರ ಬೆನ್ನು ನೆಟ್ಟಗಾಯಿತು. ಹದಿಮೂರು ವರ್ಷ ನೋಡಿದ ಬೆನ್ನು, ಅವರ ಕೈಯಲ್ಲಿ ಹತ್ತು, ಗುಲಾಮ ಇದೆ ಅಂತ ನನಗೆ ತಿಳಿದುಹೋಯಿತು. ಎಂಟರಿಂದ ರಾಣಿಯವರೆಗೆ ಐದು ಸಾಲು. ಮೂರೆಲೆ ಕಣ್ಣಿಗೆ ಅದಕ್ಕಿಂತ ಚಂದದ ಕೈ ಇರಲಿಕ್ಕಿಲ್ಲ. ನಾಲ್ಕನೆಯದು ಇಸ್ಪೀಟ್ ಎರಡು. ಕೊನೆಯದು ಆಟೀನ್ ಐದು. ಈಗ ಮೇಜಿನ ಮೇಲೆ ಮೂರು ಆಟೀನು. ಯಾರ ಕೈಯಲ್ಲಾದರೂ ಇನ್ನೆರಡು ಆಟೀನು ಇದ್ದರೆ ಕಲರು, ಅಲ್ಲಿಗೆ ಮುಗಿಯಿತು.

ಫರ್ಹತ್ ತನ್ನ ಬಿಲ್ಲೆಯನ್ನೆಲ್ಲ ಮುಂದೆ ತಳ್ಳಿದಳು. ಅವಳ ಗುಡ್ಡೆ ಯಜಮಾನರದಕ್ಕಿಂತ ದೊಡ್ಡದಿತ್ತು.

ಪ್ಯಾಕ್ ಆಗಿ ಅಂತ ನಾನು ಕೂತಲ್ಲೇ ಹಲ್ಲು ಕಚ್ಚಿದೆ. ಯಜಮಾನರು ತಿರುಗಿ ನನ್ನನ್ನು ನೋಡಿದರು. ನಾನು ಬೇಡ ಅಂತ ತಲೆ ಆಡಿಸಲಿಲ್ಲ, ಆಡಿಸಬಾರದು ಅನ್ನುವುದು ನಿಯಮ. ಮುಖದಲ್ಲಿದ್ದ ಭಯವನ್ನು ಮಾತ್ರ ಮುಚ್ಚಲಾಗಲಿಲ್ಲ. ಅದು ತಾವು ಗೆದ್ದುಬಿಡುವ ಭಯ ಅಂದುಕೊಂಡರೋ ಏನೋ, ಅವರು ಸಣ್ಣಗೆ ನಕ್ಕು, ಇದ್ದದ್ದೆಲ್ಲ ಮುಂದೆ ತಳ್ಳಿದರು. ಎಲೆ ಮಗುಚಿ, "ಸೀಕ್ವೆನ್ಸು," ಅಂದರು.

ಫರ್ಹತ್ ಮಗುಚಿದ್ದು ಆಟೀನ್ ರಾಜ, ಆಟೀನ್ ನಾಲ್ಕು.

ಯಜಮಾನರು ಬಿಲ್ಲೆ ಎಳೆದುಕೊಳ್ಳಲು ಎರಡೂ ಕೈ ಚಾಚಿದ್ದರು. ಸಮ್ರಾಟ್ ಮೆಲ್ಲಗೆ ಆ ಕೈ ಹಿಡಿದು, "ಕಲರ್ ದೊಡ್ಡದು ಸರ್," ಅಂದ. ಮೇಜಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಯಜಮಾನರ ಮುಂದೆ ಒಂದು ಬಿಲ್ಲೆಯೂ ಉಳಿಯಲಿಲ್ಲ; ನಾಲ್ಕು ಬಿಲ್ಲೆಯ ಓಬಳೇಶರೇ ಮೂರನೆಯವರಾಗಿ ತಂಡಕ್ಕೆ ಸೇರಿದರು.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಫರ್ಹತ್ ಹತ್ತಿರ ಬಂದಳು. ಗೆದ್ದ ಸಂತೋಷದಲ್ಲೂ ಸಂಕೋಚಪಟ್ಟುಕೊಂಡು, "ಬೇಜಾರು ಮಾಡ್ಕೋಬ್ಯಾಡ್ರಿ ಅಕ್ಕ," ಅಂದಳು. ಆಮೇಲೆ ಕೇಳಿದಳು: "ನೀವು ಆಡಂಗಿಲ್ಲೇನ್ರಿ?"

"ಇಲ್ಲಮ್ಮ. ನನಗ ಬರಂಗಿಲ್ಲ," ಅಂದೆ. ಅವತ್ತು ನಾನು ಹೇಳಿದ ಸುಳ್ಳು ಅದೊಂದೇ.

ಕುರುಗೋಡಿನ ರಸ್ತೆಯಲ್ಲಿ ಅರ್ಧ ದಾರಿ ಕಳೆಯಿತು. ಯಜಮಾನರು ಗಾಡಿ ಓಡಿಸುತ್ತಾ, ಹಿಂದೆ ಕೂತಿದ್ದ ನನ್ನ ಕಡೆ ತಿರುಗದೆ, ಮಾತಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ನೀ ಖರೇ ಹೇಳಾಕ ಹತ್ತೀದಿ ಅಂತ ನನಗ ಹೆಂಗ ಗೊತ್ತಾಗಬೇಕು?"

"ಹದಿಮೂರು ವರ್ಷದಾಗ ನಿಮಗ ಎಷ್ಟು ಸುಳ್ಳು ಹೇಳೀನ್ರಿ ನಾನು?"



"ಒಂದೂ ಇಲ್ಲ," ಅಂದರು. "ಆದ್ರ ನಿನ್ನ ಜಾಗದಾಗ ನಾ ಇದ್ದಿದ್ರ ಇವತ್ತು ಸುಳ್ಳ ಹೇಳ್ತಿದ್ದೆ."

ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಜಾಗದಲ್ಲಿ ನಿಂತು ಅವರು ಯೋಚಿಸಿದ್ದು ಅದೊಂದೇ ಸಲ. ಆ ಪತ್ರಕ್ಕೆ ಸಹಿ ಹಾಕದೆ ನನಗೇನು ಮಾಡಿದರು ಅನ್ನುವುದು ಅವರಿಗೆ ಪೂರ್ತಿ ಗೊತ್ತಿತ್ತು. ಗೊತ್ತಿದ್ದೇ ಮಾಡಿದ್ದರು. ಸೀಕ್ವೆನ್ಸೇ ದೊಡ್ಡದು ಅಂತ ನಾನು ಸುಳ್ಳು ಹೇಳಿದ್ದರೆ, ಅದನ್ನೂ ನಂಬದೆ ಪ್ಯಾಕ್ ಆಗಿ, ಇವತ್ತು ತಂಡದಲ್ಲಿರುತ್ತಿದ್ದರು.

ನಾನು ಅವರ ಭುಜದ ಮೇಲಿಟ್ಟಿದ್ದ ಕೈ ತೆಗೆದು, ಸೀಟಿನ ಹಿಂದಿನ ಕಂಬಿ ಹಿಡಿದುಕೊಂಡೆ.